ಗಾಳಕ್ಕೆ ನಗ್ತೀನಿ, ಕೋವಿಗೆ ನಗಲ್ಲ

ಕಡೂರಿನ ಒಂದು ಛತ್ರ, ಮದುವೆ ಊಟದ ಎರಡನೇ ಪಂಕ್ತಿ. ಎಲೆಗೆ ಇನ್ನೂ ಉಪ್ಪು, ಉಪ್ಪಿನಕಾಯಿ ಅಷ್ಟೇ ಬಿದ್ದಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ಬುದ್ಧಿವಾದ ಬಡಿಸೋಕೆ ಶುರು ಮಾಡಿದ್ರು.

"ನೋಡೇ, ಗಂಡಸ್ರು ಅಂದ್ಮೇಲೆ ಒಂದು ಶೋಕಿ ಇರುತ್ತೆ. ನಿನ್ನ ಗಂಡ ಕುಡಿಯಲ್ಲ, ಇಸ್ಪೀಟ್ ಆಡಲ್ಲ. ಏನೋ ಮೀನು ಹಿಡೀತಾನೆ, ಯಾವಾಗಾದ್ರೂ ಒಂದ್ಸಲ ಬ್ಯಾಟೆಗೆ ಹೋಗ್ತೀನಿ ಅಂತಾನೆ. ಅದಕ್ಕೆಲ್ಲ ಮುಖ ಗಂಟು ಹಾಕ್ಕೊಂಡ್ರೆ ಸಂಸಾರ ಆಗುತ್ತಾ? ನಗ್ನಗ್ತಾ ತಳ್ಕೊಂಡು ಹೋಗ್ಬೇಕು."

ಈ "ನಗ್ನಗ್ತಾ" ಇದೆಯಲ್ಲ, ಅದರ ಬಗ್ಗೆಯೇ ನನ್ನ ತಕರಾರು. ಅವತ್ತು ಬಾಯಲ್ಲಿ ಹೋಳಿಗೆ ಇತ್ತು, ಮಾತಾಡೋಕೆ ಆಗ್ಲಿಲ್ಲ. ಇವತ್ತು ಬಾಯಿ ಖಾಲಿ ಇದೆ :-)

ಮೊದಲು ಹಿನ್ನೆಲೆ ಹೇಳಿಬಿಡ್ತೀನಿ. ನಾನು ಅಜ್ಜಂಪುರದವಳು. ನನ್ನ ಗಂಡ ಲಕ್ಕವಳ್ಳಿ ಕಡೆಯವನು, ಅಂದ್ರೆ ತರೀಕೆರೆ ತಾಲ್ಲೂಕು. (ನಮ್ಮ ಅಜ್ಜಂಪುರ ಕಷ್ಟಪಟ್ಟು ತರೀಕೆರೆಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯ್ತು. ನಾನು ಮಾತ್ರ ಮದುವೆಯಾಗಿ ವಾಪಸ್ ತರೀಕೆರೆಗೇ ಸೇರಿಕೊಂಡೆ.) ಇಬ್ಬರೂ ಒಂದೇ ಇಂಜಿನಿಯರಿಂಗ್ ಕಾಲೇಜು, ಒಂದೇ ಲ್ಯಾಬ್ ಬ್ಯಾಚು. ಈಗ ಇಬ್ಬರೂ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೂಲಿ. ವಾರಕ್ಕೆ ಮೂರು ದಿನ ಆಫೀಸು, ಉಳಿದಿದ್ದು ಮನೆಯಿಂದ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಶಿವಮೊಗ್ಗ ಟ್ರೈನು ಹತ್ತಿ ಊರಿಗೆ ಹೋಗೋದು ರೂಢಿ. ಅತ್ತೆ ಮನೆಯಲ್ಲಿ ಅವನು "ರೀ". ವಾಪಸ್ ಬರುವಾಗ ಬೀರೂರು ದಾಟಿದ ಮೇಲೆ "ಲೋ".

ಈಗ ಮೀನಿನ ವಿಷಯಕ್ಕೆ ಬರೋಣ.

ಶನಿವಾರ ರಾತ್ರಿ ಪ್ರೊಡಕ್ಷನ್ ಸರ್ವರ್ ಬಿದ್ದು ಹತ್ತು ಸಲ ಫೋನ್ ಬಂದ್ರೂ ಮಗ್ಗುಲು ಬದಲಿಸದ ಮನುಷ್ಯ, ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಅಲಾರಂ ಇಲ್ಲದೆ ಏಳ್ತಾನೆ. ಹಿಂದಿನ ಸಂಜೆಯೇ ಕೊಟ್ಟಿಗೆ ಹಿಂದೆ ಗೊಬ್ಬರದ ಗುಂಡಿ ಕೆದಕಿ ಎರೆಹುಳ ತಂದಿಟ್ಟಿರ್ತಾನೆ. ಎಲ್ಲಿ? ಒಂದು ಸಲ ಫ್ರಿಜ್ಜಿನಲ್ಲಿ, ದೋಸೆ ಹಿಟ್ಟಿನ ಪಕ್ಕ, ಐಸ್‌ಕ್ರೀಂ ಡಬ್ಬಿಯಲ್ಲಿ. ಐಸ್‌ಕ್ರೀಂ ಅಂತ ಮುಚ್ಚಳ ತೆಗೆದವಳು ನಾನಲ್ಲ, ನಮ್ಮತ್ತೆ. ಆ ದಿನದ ಬಗ್ಗೆ ಹೆಚ್ಚು ಬರೆಯಲ್ಲ.

ಟಂಗೂಸು ದಾರ ವಾಷಿಂಗ್ ಮೆಷೀನಿಗೆ ಸುತ್ತಿಕೊಂಡಿದ್ದು, ನನ್ನ ರೇಷ್ಮೆ ಸೀರೆ ಸೆರಗಿಗೆ ಗಾಳ ಸಿಕ್ಕಿದ್ದು, ಬೆಂಡು, ಸೀಸದ ಗುಂಡು, ರೀಲು, ಆನ್‌ಲೈನಿನಲ್ಲಿ ತರಿಸಿದ ಬಣ್ಣಬಣ್ಣದ ಪ್ಲಾಸ್ಟಿಕ್ ಕಪ್ಪೆಗಳು... ಇವೆಲ್ಲ ನಡೀತಾನೇ ಇರುತ್ತೆ. ಅಯ್ಯನಕೆರೆ, ಮದಗದಕೆರೆ, ಭದ್ರಾ ನಾಲೆ. ಅಯ್ಯನಕೆರೆಗೆ ನಾನೂ ಹೋಗಿದ್ದೀನಿ. ಸಖರಾಯಪಟ್ಟಣದ ಹತ್ತಿರ ಗುಡ್ಡದ ಬುಡದಲ್ಲಿ ಆ ನೀರು ನೋಡಿದ್ರೆ ಯಾರಿಗಾದ್ರೂ ಸುಮ್ಮನೆ ಕೂರಬೇಕು ಅನ್ಸುತ್ತೆ, ಒಪ್ಕೋತೀನಿ. ಅಲ್ಲಿಂದ ಹೊರಡೋ ವೇದಾ ಹಳ್ಳವೇ ಮುಂದೆ ಆವತಿ ಜೊತೆ ಸೇರಿ ವೇದಾವತಿ ಆಗಿ ಹಿರಿಯೂರಿನ ಮಾರಿಕಣಿವೆ ತುಂಬಿಸೋದು. ಸುಮ್ಮನೆ ಕೂರೋಕೆ ಗಾಳ ಯಾಕೆ ಬೇಕು ಅನ್ನೋದಷ್ಟೇ ನನ್ನ ಪ್ರಶ್ನೆ. ಅವನ ಉತ್ತರ: "ಗಾಳ ಇಲ್ದೆ ಕೂತ್ರೆ ಸೋಮಾರಿ ಅಂತಾರೆ ಕಣೇ."

ನಾನು ಲೆಕ್ಕದವಳು. ಒಂದು ಎಕ್ಸೆಲ್ ಶೀಟು ಮಾಡಿದೆ. ಆರು ತಿಂಗಳು, 19 ಸವಾರಿ, ಸಿಕ್ಕ ಮೀನು ಒಟ್ಟು 11 ಕೆಜಿ. ಪೆಟ್ರೋಲು, ರೀಲು, ಪ್ಲಾಸ್ಟಿಕ್ ಕಪ್ಪೆ, ದಾರಿಯಲ್ಲಿ ತಿಂಡಿ ಎಲ್ಲ ಸೇರಿ 23,650 ರೂಪಾಯಿ. ಅಂದ್ರೆ ಕೆಜಿಗೆ 2,150. ಅದರಲ್ಲೂ ಮುಕ್ಕಾಲು ಪಾಲು ಜಿಲೇಬಿ ಮೀನು. ಸಂತೆಯಲ್ಲಿ ಒಳ್ಳೇ ಕಾಟ್ಲಾನೇ ಇದರ ಹತ್ತರಲ್ಲೊಂದು ಬೆಲೆಗೆ ಸಿಗುತ್ತೆ, ಕ್ಲೀನ್ ಮಾಡಿ ಬೇರೆ ಕೊಡ್ತಾರೆ. ಶೀಟು ನೋಡಿ ಅವನು ಒಂದು ನಿಮಿಷ ಗಂಭೀರವಾಗಿ ಯೋಚಿಸಿ, "ನಿನ್ನ ಫಾರ್ಮುಲಾದಲ್ಲಿ ಆನಂದದ ಕಾಲಮ್ ಇಲ್ಲ" ಅಂದ. ಇದಕ್ಕೆ ನಕ್ಕೆ. ಚೆನ್ನಾಗಿತ್ತು ಮಾತು, ನಗದೇ ಏನ್ಮಾಡ್ಲಿ?

ಆದ್ರೆ ನಗೋದರ ಜೊತೆ ಇನ್ನೊಂದು ಕೆಲಸಾನೂ ಮಾಡಿದೆ. ದೊಡ್ಡಮ್ಮನ ಥಿಯರಿಯಲ್ಲಿ ಇಲ್ಲದ್ದು ಇದು.

ಮದುವೆಯಾದ ಹೊಸತರಲ್ಲಿ ಮೀನು ಬಂದ ದಿನ ಹೀಗಿರ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಶಿಕಾರಿವೀರ ಬರೋದು, ಚೀಲ ಅಡುಗೆಮನೆ ಬಾಗಿಲಲ್ಲಿ ಇಡೋದು, ಸ್ನಾನ, ನಿದ್ದೆ. ನಾನು, ಅತ್ತೆ ಹಿತ್ತಲಲ್ಲಿ ಈಳಿಗೆಮಣೆ ಹಾಕ್ಕೊಂಡು ಪೊರೆ ಕೆರೆದು, ಕಿವಿರು ಕಿತ್ತು, ಉಪ್ಪು ಹಾಕಿ ಲೋಳೆ ಉಜ್ಜಿ, ಬೆಕ್ಕು ಓಡಿಸಿ, ಮೂರು ಗಂಟೆಗೆ ಸಾರು ಇಳಿಸೋದು. ಎದ್ದವನು ತಟ್ಟೆ ಮುಂದೆ ಕೂತು "ಎಂಥಾ ಫೈಟ್ ಕೊಡ್ತು ಗೊತ್ತಾ ಇದು" ಅಂತ ಮೀನಿನ ಪರಾಕ್ರಮ ವರ್ಣನೆ. ಸಾಫ್ಟ್‌ವೇರಿನಲ್ಲಿ ಬಗ್ ಹಾಕಿದವನೇ ಫಿಕ್ಸ್ ಮಾಡಬೇಕು ಅಂತ ಒಂದು ನಿಯಮ ಇದೆ. ಅದನ್ನೇ ಮನೆಗೂ ತಂದೆ: ಹಿಡಿದವನೇ ಹಸನು ಮಾಡಬೇಕು. ಮೊದಲ ಭಾನುವಾರ ಅಂಗೈಗೆ ಎರಡು ಮುಳ್ಳು. ಎರಡನೇ ಭಾನುವಾರ "ಇವತ್ತು ಏನೂ ಸಿಗ್ಲಿಲ್ಲ". ಮೂರನೇ ಭಾನುವಾರದಿಂದ ಯಜಮಾನರಿಗೆ ಜೀವದಯೆ ಹುಟ್ಟಿತು ನೋಡಿ. ಸಣ್ಣಸಣ್ಣ ಮೀನನ್ನೆಲ್ಲ ವಾಪಸ್ ನೀರಿಗೆ ಬಿಡೋಕೆ ಶುರು ಮಾಡಿದ. ಕ್ಯಾಚ್ ಅಂಡ್ ರಿಲೀಸ್ ಅಂತ ಅದಕ್ಕೊಂದು ಹೆಸರೂ ಇದೆಯಂತೆ!

ಎರಡನೇ ಒಪ್ಪಂದ: ಒಂದು ಭಾನುವಾರ ಅವನದು, ಒಂದು ನನ್ನದು. ನನ್ನ ಭಾನುವಾರದಲ್ಲಿ ನಾನು ಏನು ಮಾಡ್ತೀನಿ ಅಂತ ಎಲ್ಲರೂ ಕೇಳ್ತಾರೆ. ಮಲಗ್ತೀನಿ. ಅದಕ್ಕೆ ಅವನು ತಿಂಡಿ ಮಾಡ್ಕೊಡ್ಬೇಕು. ಸಾಗರ, ಸೊರಬದ ಕಡೆ ಕೆರೆಬೇಟೆ ಅಂತ ಇದೆ, ಅದೇ ಹೆಸರಲ್ಲಿ 2024ರಲ್ಲಿ ಸಿನಿಮಾನೂ ಬಂತು. ಬೇಸಿಗೆಯಲ್ಲಿ ಕೆರೆ ನೀರು ಇಳಿದಾಗ ದಿನ ಗೊತ್ತು ಮಾಡಿ ಊರವರೆಲ್ಲ ಕೂಣಿ ಹಿಡ್ಕೊಂಡು ಒಟ್ಟಿಗೆ ಇಳೀತಾರೆ. ಆ ದಿನ ಮುಗೀತು ಅಂದ್ರೆ ಮುಗೀತು. ನಮ್ಮನೆಯಲ್ಲಿ ವರ್ಷಕ್ಕೆ 52 ಕೆರೆಬೇಟೆ ನಡೀತಿತ್ತು, 26ಕ್ಕೆ ಇಳಿಸಿದ್ದೀನಿ.

ಹೀಗಿತ್ತು ನಮ್ಮ ಮೀನುಗಾರಿಕೆ. ನಗು ಇತ್ತು ನಿಜ, ಆದ್ರೆ ಅದಕ್ಕೂ ಮುಂಚೆ ಜಗಳ ಆಗಿತ್ತು, ರಾಜಿ ಆಗಿತ್ತು. ಈಗ ನೋಡೋರಿಗೆ ನಗು ಮಾತ್ರ ಕಾಣುತ್ತೆ. "ಪಾಪ, ಎಷ್ಟು ಹೊಂದ್ಕೊಂಡಿದ್ದಾಳೆ" ಅಂತಾರೆ. ಹೊಂದ್ಕೊಂಡಿರೋದು ಯಾರು ಅಂತ ಮೀನಿನ ಮುಳ್ಳು ಚುಚ್ಚಿರೋ ಆ ಅಂಗೈಯನ್ನ ಕೇಳಿ.

ಇನ್ನು ಯುಗಾದಿ ವಿಷಯ. ಇದನ್ನ ಬರೀಬೇಕೋ ಬೇಡ್ವೋ ಅಂತ ತುಂಬಾ ದಿನ ಯೋಚಿಸಿದೆ.

ಈ ಸಲದ ಹೊಸತೊಡಕಿನ ರಾತ್ರಿ ಊರಲ್ಲಿದ್ವಿ. ಊಟ ಆಗಿ ಹಾಸಿಗೆ ಹಾಸ್ತಿದ್ದೆ. ಗೇಟಿನ ಹತ್ತಿರ ಜೀಪು ಬಂದು ನಿಂತ ಸದ್ದು. ಅವನ ಚಿಕ್ಕಪ್ಪನ ಮಕ್ಕಳು, ಅವರ ಸ್ನೇಹಿತರು, ಐದಾರು ಜನ. ಇಬ್ಬರು ನನ್ನ ಹಾಗೇ ಲ್ಯಾಪ್‌ಟಾಪ್ ಕುಟ್ಟೋರು, ಹಬ್ಬಕ್ಕೆ ರಜಾ ಹಾಕಿ ಬಂದಿದ್ರು. "ಅಣ್ಣಾ ಬಾರೋ, ಕಾವಲು ಕಡೆ ಒಂದು ರೌಂಡ್ ಹೋಗಿ ಬರಾಣ." ಸೀಟಿನ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಉದ್ದದ್ದೇನೋ ಇತ್ತು. ಅದು ಕಬ್ಬಲ್ಲ ಅಂತ ತಿಳ್ಕೊಳ್ಳೋಕೆ ಇಂಜಿನಿಯರಿಂಗ್ ಬೇಕಾಗಿಲ್ಲ. ಇವನು ಆಗಲೇ ಹಣೆಗೆ ಹೆಡ್‌ಲೈಟು ಕಟ್ಕೊಂಡು ನಿಂತಿದ್ದಾನೆ. ಬೆಳಗಿನ ಜಾವ ಗಾಳ ಕಟ್ಟೋಕೆ ಅಂತ ನಾನೇ ಅವನ ಹುಟ್ಟಿದಹಬ್ಬಕ್ಕೆ ಕೊಡಿಸಿದ್ದ ಹೆಡ್‌ಲೈಟು!

"ಸುಮ್ನೆ ನೋಡ್ಕೊಂಡು ಬರ್ತೀನಿ" ಅಂದ.

"ಸರಿ, ನಾನೂ ಬರ್ತೀನಿ" ಅಂದೆ.

ಜೀಪಿನಲ್ಲಿ ನಗು ನಿಂತುಹೋಯ್ತು. "ಅತ್ತಿಗೆ, ಹೆಂಗಸ್ರು ಬರೋ ಜಾಗ ಅಲ್ಲ ಅತ್ತಿಗೆ ಅದು." ಯಾಕಪ್ಪಾ, ಸುಮ್ನೆ ನೋಡ್ಕೊಂಡು ಬರೋ ಜಾಗ ತಾನೇ? ಯಾರೂ ಮಾತಾಡ್ಲಿಲ್ಲ. ನಾನು ಗೇಟಿನ ಮಧ್ಯ ಹೋಗಿ ನಿಂತೆ. ಇವತ್ತು ನೆನೆಸಿಕೊಂಡ್ರೆ ಸಿನಿಮಾ ಸೀನ್ ಥರ ಇದೆ, ಆವತ್ತು ಕಾಲು ನಡುಗ್ತಿತ್ತು. "ನೀನು ಈ ಜೀಪು ಹತ್ತಿದ್ರೆ ನಾನು ಅರಣ್ಯ ಇಲಾಖೆಗೆ ಫೋನ್ ಮಾಡ್ತೀನಿ. ತಮಾಷೆ ಮಾಡ್ತಿಲ್ಲ" ಅಂದೆ. ಎಲ್ಲರೆದುರು, ಮಾವನೆದುರು. "ಅಣ್ಣಂಗೆ ಪರ್ಮಿಷನ್ ಸಿಗ್ಲಿಲ್ಲ ಕಣ್ರೋ" ಅಂತ ಯಾರೋ ಅಂದ. ಜೀಪು ಹೋಯ್ತು. ಇವನು ಹೋಗ್ಲಿಲ್ಲ.

ಬೆಳಗಿನ ಜಾವ ಅದು ವಾಪಸ್ ಬಂದ ಸದ್ದು ಕೇಳಿಸ್ತು. ಪಕ್ಕದ ಮನೆಯೇ ಚಿಕ್ಕಪ್ಪನ ಮನೆ. ಏನು ತಂದ್ರು ಅಂತ ನಾನು ನೋಡಿಲ್ಲ. ಐದು ಗಂಟೆಗೆ ಎದ್ದಾಗ ಅಂಗಳ ಪೂರ್ತಿ ಬಕೆಟ್‌ಗಟ್ಟಲೆ ನೀರು ಹಾಕಿ ತೊಳೆದಿತ್ತು. ಚಿಕ್ಕತ್ತೆ ಅದರ ಮೇಲೆ ರಂಗೋಲಿ ಹಾಕ್ತಿದ್ರು. ನನ್ನ ಮುಖ ನೋಡ್ಲಿಲ್ಲ.

ಒಂಬತ್ತು ದಿನ ಗಂಡ ಮಾತು ಬಿಟ್ಟಿದ್ದ. ಅಷ್ಟರಲ್ಲಿ ಸುದ್ದಿ ಕಡೂರು, ಅಜ್ಜಂಪುರ ಎಲ್ಲ ಮುಟ್ಟಿತ್ತು. ನಮ್ಮಮ್ಮ ಕೂಡ ಫೋನ್ ಮಾಡಿ, "ಅಷ್ಟು ಜನರ ಮುಂದೆ ಅನ್ಬಾರ್ದಿತ್ತು, ನಕ್ಕು ಹೇಳ್ಬಹುದಿತ್ತು" ಅಂದ್ರು. ನಕ್ಕು ಹೇಳೋದು ಅಂದ್ರೆ ಹೇಗೆ ಅಂತ ನಾನು ತುಂಬಾ ಯೋಚಿಸಿದ್ದೀನಿ. "ಬೇಗ ಬನ್ರೀ, ಮೊಲಕ್ಕೆ ನನ್ನ ನಮಸ್ಕಾರ ಹೇಳಿ" ಅಂತಾನಾ?

ಆಮೇಲಿಂದ ಸಿಕ್ಕಸಿಕ್ಕವರೆಲ್ಲ ಒಂದೊಂದು ವಾದ ಹೂಡಿದ್ರು. ಜಾಸ್ತಿ ಕೇಳಿದ್ದು "ಇದು ಸಂಪ್ರದಾಯ" ಅನ್ನೋದು. ಯುಗಾದಿ ಆದ ಮೇಲೆ ಬೇಟೆಗೆ ಹೋಗೋ ಪದ್ಧತಿ ನಮ್ಮ ಬಯಲುಸೀಮೆಯ ಕಡೆ ಎಷ್ಟೋ ಊರಲ್ಲಿ ಇತ್ತು, ನಿಜ. ಬಲೆ, ದೊಣ್ಣೆ, ನಾಯಿ ತಗೊಂಡು ಹಗಲು ಹೊತ್ತು ಊರೇ ನಡ್ಕೊಂಡು ಹೋಗೋದು ಅಂತ ನಮ್ಮಜ್ಜ ಹೇಳ್ತಿದ್ದ. ನಮ್ಮಜ್ಜನ ಸಂಪ್ರದಾಯದಲ್ಲಿ ಜೀಪು, ಎಲ್‌ಇಡಿ ಲೈಟು ಇರಲಿಲ್ಲ. ಅದಿರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಅರ್ಧ ಶತಮಾನವೇ ಆಯ್ತು. ಮೊಲ, ಹಂದಿ ಯಾವುದನ್ನೂ ಹೊಡೆಯೋ ಹಾಗಿಲ್ಲ. 2022ರಲ್ಲಿ ತಿದ್ದುಪಡಿ ಮಾಡಿ, 2023ರ ಏಪ್ರಿಲ್ 1ರಿಂದ ದಂಡವನ್ನ 25 ಸಾವಿರದಿಂದ 1 ಲಕ್ಷಕ್ಕೆ ಏರಿಸಿದ್ದಾರೆ. ಕೃಷ್ಣಮೃಗ ಆದ್ರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು. ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ನಿಗೆ ಹೆದರಿ ಸಿಗ್ನಲ್ ಜಂಪ್ ಮಾಡದ ಜನ ಇವರು, ಕಾವಲಿನ ಕತ್ತಲಲ್ಲಿ ಎಲ್ಲ ಮರೆತುಬಿಡ್ತಾರೆ.

ಕಾವಲು ಅಂದ್ರೆ ಏನು ಅಂತ ಹೊರಗಿನವರಿಗೆ ಹೇಳಬೇಕು. ಅಮೃತಮಹಲ್ ಕಾವಲು. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದದ್ದು, ಟಿಪ್ಪು ಕಾಲದಲ್ಲಿ ಅಮೃತಮಹಲ್ ಆಯ್ತು. ಸೈನ್ಯದ ಎತ್ತುಗಳು ಮೇಯೋಕೆ ಅಂತ ಬಿಟ್ಟ ಹುಲ್ಲುಗಾವಲು. ನಮ್ಮ ಅಜ್ಜಂಪುರದಲ್ಲಿ 1929ರಿಂದ ಆ ತಳಿಯ ಕೇಂದ್ರ ಇದೆ. ಚಿಕ್ಕವಳಿದ್ದಾಗ ಅಪ್ಪ ಸೈಕಲ್ ಮೇಲೆ ಕೂರಿಸ್ಕೊಂಡು ಹೋಗಿ ಆ ಉದ್ದ ಕೊಂಬಿನ ದನ ತೋರಿಸ್ತಿದ್ರು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನ 2011ರಲ್ಲಿ ಕೃಷ್ಣಮೃಗಕ್ಕೆ ಅಂತ ಸಂರಕ್ಷಣಾ ಮೀಸಲು ಮಾಡಿದ್ರು. ಎಷ್ಟು ದೊಡ್ಡದು ಅಂತೀರಿ? ಏಳು ಚದರ ಕಿಲೋಮೀಟರ್ ಚಿಲ್ಲರೆ, ಅಷ್ಟೇ. ಒಂದು ಸಲ ಬಸ್ಸಿನ ಕಿಟಕಿಯಿಂದ ನೋಡಿದ್ದೆ, ಒಂದು ಹಿಂಡು ಹಾಗೇ ಗಾಳಿಯಲ್ಲಿ ನೆಗೆದುಕೊಂಡು ಹೋಯ್ತು. ಬಸ್ಸಿನಲ್ಲಿದ್ದ ಅರ್ಧ ಜನ ತೂಕಡಿಸ್ತಿದ್ರು. ಎಬ್ಬಿಸಿ ತೋರಿಸಬೇಕು ಅನ್ನಿಸಿತ್ತು. ಕತ್ತಲಲ್ಲಿ ಜೀಪಿನ ಲೈಟಿಗೆ ಎರಡು ಕಣ್ಣು ಹೊಳೆದಾಗ ಅದು ಮೊಲವೋ, ಮೃಗವೋ, ಯಾರದೋ ಮನೆ ಕರುವೋ ಅಂತ ಈ ವೀರರಿಗೆ ಹೇಗೆ ಗೊತ್ತಾಗುತ್ತೆ? ಆ ಕಡೆ ಕುರಿ ಮಂದೆ ಹಾಕ್ಕೊಂಡು ಮಲಗಿರೋ ಕುರಿಗಾಹಿಗಳೂ ಇರ್ತಾರೆ. ಇದು ನನ್ನ ನಿದ್ದೆ ಕೆಡಿಸಿದ ಯೋಚನೆ.

"ಹಂದಿ ಕಾಟ ನಿನಗೇನು ಗೊತ್ತು, ಬೆಂಗಳೂರಲ್ಲಿ ಕೂತಿರ್ತೀಯ" ಅಂತ ಮಾವ ಕೇಳಿದ್ರು. ಇದು ಮಾತ್ರ ಸುಳ್ಳು ವಾದ ಅಲ್ಲ. ನಮ್ಮಪ್ಪನ ಮೆಕ್ಕೆಜೋಳ ಒಂದೇ ರಾತ್ರಿಯಲ್ಲಿ ಉತ್ತ ಹಾಗೆ ಆಗಿದ್ದನ್ನ ನಾನೇ ನೋಡಿದ್ದೀನಿ. ಅಪ್ಪ ಅಟ್ಟಣೆ ಮೇಲೆ ಚಳಿಯಲ್ಲಿ ತಗಡು ಬಡೀತಾ ಕೂತಿರ್ತಿದ್ರು. ಬೆಳೆ ಹೋದ ರೈತನ ಸಿಟ್ಟಿಗೆ ನಾನು ಯಾವ ಉತ್ತರವನ್ನೂ ಕೊಡಲಾರೆ, ಪರಿಹಾರದ ಅರ್ಜಿ ಬರೆದುಕೊಡೋದು ಬಿಟ್ಟು. ಆದ್ರೆ ಆ ಜೀಪಿನಲ್ಲಿ ಒಬ್ಬನಾದ್ರೂ ಬೆಳೆ ಕಳ್ಕೊಂಡವನು ಇದ್ನಾ? ಇವರು ಹೊಲದ ಬದುವಿನಲ್ಲಿ ಕಾಯ್ಲಿಲ್ಲ, ಹೊಲ ಬಿಟ್ಟು ಹತ್ತಾರು ಮೈಲಿ ಆಚೆ ಹೋದ್ರು. ಅಪ್ಪನ ಕಷ್ಟವನ್ನ ತಮ್ಮ ಶೋಕಿಗೆ ಅಡ್ಡ ಹಿಡಿಯೋದು ನನಗೆ ಎಲ್ಲಕ್ಕಿಂತ ಜಾಸ್ತಿ ಉರಿಸಿದ್ದು.

ಇನ್ನು ಪುಸ್ತಕದ ವಾದ. ಇದು ನನ್ನ ಗಂಡನದು, ಓದಿಕೊಂಡವನಲ್ವಾ. ಕೆನೆತ್ ಆಂಡರ್ಸನ್ ತನ್ನ ಮೊದಲ ಪುಸ್ತಕದಲ್ಲೇ, 1954ರಲ್ಲಿ, ಎಮ್ಮೇದೊಡ್ಡಿಯ ನರಭಕ್ಷಕನ ಕಥೆ ಬರೆದಿದ್ದಾನೆ. ಎಮ್ಮೇದೊಡ್ಡಿ ನಮ್ಮ ಕಡೂರು ತಾಲ್ಲೂಕೇ. ಈ ಕಡೆಯ ಗಂಡಸರಿಗೆ ಅದೊಂದು ಹೆಮ್ಮೆ. ಅಲ್ಲಾ ಸ್ವಾಮಿ, ಆ ಹುಲಿ ಜನರನ್ನ ತಿಂತಿತ್ತು. ಮೊಲ ಯಾರನ್ನಾದ್ರೂ ತಿಂದಿದ್ದು ಕೇಳಿದ್ದೀರಾ? ಜಿಮ್ ಕಾರ್ಬೆಟ್ ಕಥೆ ಇನ್ನೂ ಚೆನ್ನಾಗಿದೆ. ಅವನು ಮದುವೆಯೇ ಆಗಲಿಲ್ಲ. ಅಕ್ಕನ ಜೊತೆ ಇದ್ದ. ರಾತ್ರಿಗಟ್ಟಲೆ ಮಚಾನಿನ ಮೇಲೆ ಕೂರೋಕೆ ಅದೂ ಒಂದು ಅನುಕೂಲವೇ. ಈ ಶಿಕಾರಿ ಪುಸ್ತಕಗಳನ್ನ ನಾನೂ ಆಸೆಪಟ್ಟು ಓದಿದ್ದೀನಿ. ಆದ್ರೆ ಓದ್ತಾ ಓದ್ತಾ ಒಂದು ಅನುಮಾನ: ಮಚಾನಿನ ಮೇಲೆ ಕೂತವನ ಫ್ಲಾಸ್ಕಿಗೆ ಚಹಾ ತುಂಬಿಸಿಕೊಟ್ಟವರು ಯಾರು? ಅವರ ಹೆಸರು ಒಂದು ಪುಟದಲ್ಲೂ ಸಿಗಲ್ಲ.

"ತೇಜಸ್ವಿಗೂ ಮೀನಿನ ಹುಚ್ಚಿತ್ತು, ರಾಜೇಶ್ವರಿ ಮೇಡಂ ಏನಾದ್ರೂ ಅಂದಿದ್ರಾ?" ಇದು ಅವನ ಕೊನೆಯ ಅಸ್ತ್ರ. ಮೂಡಿಗೆರೆ ನಮ್ಮದೇ ಜಿಲ್ಲೆ, ತೇಜಸ್ವಿ ಅಂದ್ರೆ ನನಗೂ ಪ್ರಾಣ. ಪರಿಸರದ ಕತೆ ಇವನಿಗೆ ಬಾಯಿಪಾಠ. ರಾಜೇಶ್ವರಿಯವರು 2011ರಲ್ಲಿ ಬರೆದ 'ನನ್ನ ತೇಜಸ್ವಿ' ನಮ್ಮ ಕಪಾಟಿನಲ್ಲೇ ಇದೆ, ನಾನೇ ತಂದಿದ್ದು. ಅದನ್ನ ತೆರೆದೂ ನೋಡಿಲ್ಲ ಮಹಾಶಯ! ತೇಜಸ್ವಿ ಬಂದೂಕು ಹಿಡಿದಿದ್ದ ಕೈಯಲ್ಲೇ ಆಮೇಲೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಬಿದ್ದಿದ್ದು ಮಾತ್ರ ಅನುಕೂಲಕ್ಕೆ ತಕ್ಕ ಹಾಗೆ ಮರೆತುಹೋಗುತ್ತೆ. ಅವರು ಕೆರೆ ದಂಡೆಯಿಂದ ಪುಸ್ತಕ ತಂದ್ರು. ನೀನು ಇಲ್ಲಿವರೆಗೆ ತಂದಿರೋದು ನೆಗಡಿ, ಅಂದೆ. ಒಂಬತ್ತನೇ ದಿನ ಅವನು ಬಾಯಿಬಿಟ್ಟು ನಕ್ಕಿದ್ದು ಈ ಮಾತಿಗೇ.

"ನೀನೂ ಕೋಳಿ ತಿಂತೀಯಲ್ಲ" ಅಂತಾನೂ ಕೇಳಿದ್ರು. ತಿಂತೀನಿ. ಮೀನ್ ಸಾರು ಅವನಿಗಿಂತ ಎರಡು ಸೌಟು ಜಾಸ್ತಿನೇ ಹಾಕ್ಕೋತೀನಿ. ನಾನು ಇಲ್ಲಿ ಅಹಿಂಸೆಯ ಪ್ರವಚನ ಮಾಡ್ತಿಲ್ಲ. ಸಾಕಿದ ಕೋಳಿಗೂ, ಏಳು ಚದರ ಕಿಲೋಮೀಟರಿನಲ್ಲಿ ಹೇಗೋ ಉಳಿದಿರೋ ಪ್ರಾಣಿಗೂ ವ್ಯತ್ಯಾಸ ಗೊತ್ತಾಗಲ್ಲ ಅನ್ನೋರ ಜೊತೆ ವಾದ ಮಾಡೋಕೆ ನನಗೆ ವ್ಯವಧಾನ ಇಲ್ಲ. ಮೀನಿನಲ್ಲೂ ಒಂದು ಗೆರೆ ಇದೆ, ಅದನ್ನೂ ಅವನಿಗೆ ಹೇಳಿದ್ದೀನಿ. ಭದ್ರಾ ಹಿನ್ನೀರಲ್ಲಿ ಹುಲಿ ಮೀಸಲಿನ ಒಳಗೆ ಗಾಳ ಹಾಕೋ ಹಾಗಿಲ್ಲ. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲೋರ ಜೊತೆ ಸೇರೋ ಹಾಗಿಲ್ಲ. ಅದು ಬ್ರಿಟಿಷರ 1897ರ ಕಾಯ್ದೆಯಿಂದಲೇ ಅಪರಾಧ.

ಈಗ ದೊಡ್ಡಮ್ಮನ "ನಗ್ನಗ್ತಾ"ಗೆ ವಾಪಸ್ ಬರ್ತೀನಿ. ಗಂಡನ ಹುಚ್ಚನ್ನ ಹೆಂಡತಿ ಹಾಸ್ಯವಾಗಿ ತಗೋಬೇಕು ಅಂತ ಎಲ್ಲ ಕಡೆ ಉಪದೇಶ. ಪತ್ರಿಕೆಯ ಮಹಿಳಾ ಪುಟ, ವಾಟ್ಸಾಪಿನ ಜೋಕು, ಮದುವೆ ಮನೆಯ ಪಂಕ್ತಿ. ಹೆಂಡತಿಗೆ ಒಂದು ಹುಚ್ಚಿದ್ರೆ ಗಂಡ ಹೇಗೆ ನಗ್ತಾ ಸಹಿಸಬೇಕು ಅಂತ ಯಾರಾದ್ರೂ ಬರೆದಿದ್ದಾರಾ? ನಾನು ತಿಂಗಳಿಗೆ ಎರಡು ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಟ್ಟು, ಮಧ್ಯಾಹ್ನ ಕೆಸರು ಮೆತ್ಕೊಂಡು ಬಂದು, ಚೀಲ ಒಗೆದು ಮಲಗಿದ್ರೆ ನಮ್ಮತ್ತೆ ನಗ್ತಾರಾ? ಊರು ನಗುತ್ತೆ, ಅದು ಬೇರೆ ಥರ ನಗು.

ನಗುವಿನಲ್ಲಿ ಇನ್ನೊಂದು ಮೋಸ ಇದೆ. ಚಿಕ್ಕತ್ತೆ ಮೂವತ್ತು ವರ್ಷದಿಂದ ನಗ್ತಾ ಬಂದವರು. ಊರಲ್ಲೆಲ್ಲ ಅವರ ಬೇಟೆ ಜೋಕುಗಳು ಫೇಮಸ್ಸು. "ನಮ್ಮನೆಯವ್ರು ಹೊಡೆದಿದ್ದಕ್ಕಿಂತ ತಪ್ಪಿಸ್ಕೊಂಡಿದ್ದೇ ದಪ್ಪ ಇರುತ್ತೆ" ಅಂತ ಹೇಳಿ ಎಲ್ಲರನ್ನೂ ನಗಿಸ್ತಾರೆ. ಅವರ ಗಂಡ ಹೋದ, ಈಗ ಮಕ್ಕಳು ಹೋಗ್ತಾರೆ. ಆ ಬೆಳಗ್ಗೆ ಅಂಗಳ ತೊಳೆದವರೂ ಅವರೇ. ಮೊನ್ನೆ ಹಿತ್ತಲಲ್ಲಿ ಬಟ್ಟೆ ಒಗೀತಾ ಮೆಲ್ಲಗೆ ಕೇಳಿದ್ರು, "ನಿಜವಾಗ್ಲೂ ಫೋನ್ ಮಾಡ್ತಿದ್ದೇನಮ್ಮ?" ಹೂಂ ಅಂದೆ. "ನಂಬರ್ ಗೊತ್ತಿತ್ತಾ?" ಅಂದ್ರು. ಗೊತ್ತಿರಲಿಲ್ಲ ಅಂದೆ. ಇಬ್ಬರಿಗೂ ನಗು ಬಂತು. ಆಮೇಲೆ ನಂಬರ್ ಹುಡುಕಿ ಇಟ್ಕೊಂಡಿದ್ದೀನಿ, ಅವರಿಗೂ ಬರ್ಕೊಟ್ಟಿದ್ದೀನಿ. ಅಕ್ಕಿ ಡಬ್ಬಿಯಲ್ಲಿ ಇಟ್ಕೊಂಡಿದ್ದಾರಂತೆ.

ಹೋದ ಭಾನುವಾರ ಅವನ ಸರದಿ. ಜೊತೆಗೆ ನಾನೂ ಹೋದೆ, ನನ್ನ ಗಾಳಕ್ಕೆ ಎರಡು ಜಿಲೇಬಿ ಬಿದ್ದವು, ಅವನಿಗೆ ಏನೂ ಇಲ್ಲ. ನಿಯಮದ ಪ್ರಕಾರ ನಾನೇ ಪೊರೆ ಕೆರೆದೆ, ಅವನು ಪಕ್ಕದಲ್ಲಿ ಕೂತು "ಸರಿಯಾಗಿ ಉಜ್ಜು" ಅಂತ ಕೋಡ್ ರಿವ್ಯೂ ಮಾಡಿದ. ಆ ಹೆಡ್‌ಲೈಟು ಈಗ ಬೆಂಗಳೂರಲ್ಲಿ ನನ್ನ ಆಫೀಸಿನ ಡ್ರಾಯರಿನಲ್ಲಿದೆ. ಕೆರೆಗೆ ಹೋಗೋವಾಗ ಕೇಳಿ ಇಸ್ಕೋತಾನೆ, ಬಂದ ಮೇಲೆ ವಾಪಸ್ ಕೊಡ್ತಾನೆ. ಮುಂದಿನ ಯುಗಾದಿಗೆ ಯಾವಾಗ ಬರ್ತೀಯ ಅಂತ ತಮ್ಮಂದಿರು ಈಗಲೇ ಮೆಸೇಜ್ ಹಾಕಿದ್ದಾರೆ. ಅವನು ಇನ್ನೂ ಉತ್ತರ ಬರೆದಿಲ್ಲ. ನಾನೂ ಕೇಳಿಲ್ಲ.